ಹೊಲವೇ ಬಂಡವಾಳವಾದ ಕತೆ

ಪುಣೆಯ ಶಿವಾಜಿನಗರದ ವಿಳಾಸಗಳಲ್ಲಿ 'ಎಫ್.ಪಿ. ನಂ.' ಎಂಬ ಸಂಖ್ಯೆ ಆಗಾಗ ಕಣ್ಣಿಗೆ ಬೀಳುತ್ತದೆ. ಫೈನಲ್ ಪ್ಲಾಟ್ ನಂಬರ್ ಅದು. ಆ ಪ್ರದೇಶ ಹಿಂದೆ ಭಾಂಬುರ್ಡೆ ಎಂಬ ಹಳ್ಳಿ. ಅಂಕುಡೊಂಕಾದ ಹಿಡುವಳಿಗಳನ್ನೆಲ್ಲ ನಕ್ಷೆಯ ಮೇಲೆ ಒಟ್ಟು ಮಾಡಿ, ರಸ್ತೆಗೆ, ಚರಂಡಿಗೆ ಬೇಕಾದಷ್ಟು ಕಳೆದು, ಉಳಿದದ್ದನ್ನು ನೇರ ಗೆರೆ ಹೊಡೆದು ಅದೇ ಮಾಲೀಕರಿಗೆ ಮರಳಿ ಹಂಚುವ ಪದ್ಧತಿಯಲ್ಲಿ ಈ ನಂಬರು ಬೀಳುತ್ತದೆ. ಊರು ಬೆಳೆಸಲು ಇಡೀ ಜಮೀನನ್ನು ಕೊಳ್ಳಬೇಕಾಗಿಲ್ಲ ಎಂಬುದೇ ಇಲ್ಲಿನ ಮೊದಲ ಶೋಧ.

ಇದರ ಮೂಲ ಜರ್ಮನಿಯಲ್ಲಿದೆ. ಫ್ರಾಂಕ್‌ಫರ್ಟ್‌ನ ಮೇಯರ್ ಫ್ರಾನ್ಸ್ ಆಡಿಕೆಸ್ 1893ರಲ್ಲಿ ಮುಂದಿಟ್ಟ ಮಸೂದೆ ಬಿದ್ದುಹೋಯಿತು. 1902ರಲ್ಲಿ ಅವರ ಊರೊಂದಕ್ಕೆ ಮಾತ್ರ ಅನ್ವಯಿಸುವಂತೆ ಕಾನೂನಾಯಿತು. ಮುಂಬಯಿ ಪ್ರಾಂತ್ಯ 1915ರ ನಗರ ಯೋಜನಾ ಕಾಯ್ದೆಯಲ್ಲಿ ಇದೇ ದಾರಿ ಹಿಡಿಯಿತು.

ಒಂದು ಲೆಕ್ಕ ಹಾಕೋಣ. ಗುಂಟೆಗೆ ಹತ್ತು ಲಕ್ಷ ಬಾಳುವ ಹತ್ತು ಗುಂಟೆ ಕೊಟ್ಟವನ ಕೈಗೆ ಐದು ಗುಂಟೆಯಷ್ಟೇ ಮರಳಿತು ಎನ್ನಿ. ರಸ್ತೆ, ನೀರು ಬಂದ ಮೇಲೆ ಗುಂಟೆ ಮೂವತ್ತು ಲಕ್ಷಕ್ಕೆ ಏರಿದರೆ ಅವನ ಒಂದು ಕೋಟಿ ಒಂದೂವರೆ ಕೋಟಿಯಾಗುತ್ತದೆ. ಹೀಗೆ ಏರಿದ ಬೆಲೆಯಲ್ಲಿ ಅರ್ಧದವರೆಗೂ ವಂತಿಗೆ ಕೇಳಲು ಮಹಾರಾಷ್ಟ್ರದ 1966ರ ಕಾಯ್ದೆ ಅವಕಾಶ ಕೊಟ್ಟಿದೆ. ಕಾಮಗಾರಿಗೆ ಹಣ ಹುಟ್ಟುವುದು ಅಲ್ಲಿ.

ಕಾಗದದ ಮೇಲೆ ಇಷ್ಟು ಸಲೀಸಾದದ್ದು ಕಚೇರಿಯಲ್ಲಿ ಕುಂಟಿತು. ಪ್ರತಿ ತುಂಡಿಗೂ ಬೆಲೆ ಕಟ್ಟಬೇಕು, ಪ್ರತಿ ತಕರಾರನ್ನೂ ಕೇಳಬೇಕು. ಗುಜರಾತ್ ಪಟ್ಟು ಬಿಡದೆ ನಡೆಸಿಕೊಂಡು ಬಂತು. ಮಹಾರಾಷ್ಟ್ರದಲ್ಲಿ ಪದ್ಧತಿ ಹೆಚ್ಚುಕಡಿಮೆ ಮೂಲೆ ಸೇರಿತು.

ಅದನ್ನು ಇನ್ನೊಂದು ರೂಪದಲ್ಲಿ ಮತ್ತೆ ಕಂಡುಕೊಂಡವರು ಪುಣೆಯ ಹಡಪ್ಸರದ ರೈತರು. 1982ರ ಕರಡು ಅಭಿವೃದ್ಧಿ ಯೋಜನೆ ಅಲ್ಲಿನ ಮಗರಪಟ್ಟಾದ ಹೊಲಗಳನ್ನು ಮುಂದೆ ನಗರವಾಗಲಿರುವ ವಲಯವೆಂದು ಗುರುತಿಸಿತ್ತು. ಒಬ್ಬೊಬ್ಬರೇ ಬಿಲ್ಡರಿಗೆ ಮಾರಿದರೆ ಹಣ ಕರಗುತ್ತದೆ, ಕಾದು ಕೂತರೆ ಭೂಸ್ವಾಧೀನದ ನೋಟಿಸು ಬರುತ್ತದೆ. ಕೃಷಿ ಪದವೀಧರ ಸತೀಶ ಮಗರ ಮನೆ ಮನೆಗೆ ಹೋಗಿ ಕುಟುಂಬಗಳನ್ನು ಒಪ್ಪಿಸಿದರು. ಸುಮಾರು 120 ಕುಟುಂಬಗಳು ನಾನೂರು ಎಕರೆಗೂ ಹೆಚ್ಚು ಭೂಮಿಯನ್ನು ಒಂದೇ ಕಂಪನಿಗೆ ಸೇರಿಸಿದವು. ಯಾರ ಹೊಲ ಎಷ್ಟೋ ಅವರ ಷೇರೂ ಅಷ್ಟು. ಆ ಭೂಮಿಯಲ್ಲಿ ತಾವೇ ನಗರ ಕಟ್ಟಲು ಸರ್ಕಾರದ ಒಪ್ಪಿಗೆ ಸಿಗಲು ವರ್ಷಗಳು ಹಿಡಿದವು. ಕಟ್ಟಡದ ಕೆಲಸ ಶುರುವಾದದ್ದು 2000ದಲ್ಲಿ. ಜಮೀನಿಗೆ ಮೊದಲೇ ದುಡ್ಡು ಸುರಿಯುವ ಪ್ರಮೇಯ ಇಲ್ಲವಾದ್ದರಿಂದ ಸಾಲದ ಭಾರ ಹಗುರಾಯಿತು. ಫ್ಲ್ಯಾಟ್ ಬುಕ್ ಮಾಡಿದವರ ಮುಂಗಡ ಕಟ್ಟಡಕ್ಕೆ ಒದಗಿತು. ಸೈಬರ್‌ಸಿಟಿ ಐಟಿ ಪಾರ್ಕಿನಿಂದ ಬಾಡಿಗೆಯ ವರಮಾನ ಹುಟ್ಟಿತು. ರೈತರ ಮಕ್ಕಳು ಸಾಮಗ್ರಿ ಪೂರೈಕೆ, ಗುತ್ತಿಗೆ ಕೆಲಸ ಕಲಿತರು.

ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ 2015ರಲ್ಲಿ ಹುಟ್ಟಿದ ಮೇಲೆ ಹಳೇ ಕಾಯ್ದೆಯ ಧೂಳು ಕೊಡವಿತು. ಹಿಂಜವಡಿಯ ಮಗ್ಗುಲಿನ ಮಾಣ್-ಮ್ಹಾಳುಂಗೆಯಲ್ಲಿ ಸುಮಾರು 250 ಹೆಕ್ಟೇರ್‌ಗೆ ಯೋಜನೆ ಹಾಕಿ, ಜಮೀನಿನಲ್ಲಿ ಅರ್ಧದಷ್ಟನ್ನು ಮಾಲೀಕರಿಗೆ ಮರಳಿಸುವ ಸೂತ್ರ ಇಟ್ಟಿತು.

ನಮ್ಮ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ನಡೆಸುವ 60:40, ಅಂದರೆ ಪ್ರಾಧಿಕಾರಕ್ಕೆ ಅರವತ್ತು, ರೈತನಿಗೆ ನಲವತ್ತು ಎಂಬ ಹಂಚಿಕೆ ಕೂಡ ಇದೇ ಜಾತಿಯದು, ಆದರೆ ಅದನ್ನು ಬಿಡಿಸಿ ನೋಡಬೇಕು. ಎಕರೆ ಎಂದರೆ 43,560 ಚದರ ಅಡಿ. ಅದರಲ್ಲಿ ಸೈಟಿಗೆ ಸಿಗುವುದು ಶೇ. 55, ಅಂದರೆ 23,958. ಅದರ ಶೇ. 40 ಎಂದರೆ 9,583 ಚದರ ಅಡಿ. ರೈತನ 'ನಲವತ್ತು' ಎಂಬುದು ಎಕರೆಯ ಲೆಕ್ಕದಲ್ಲಿ ಶೇ. 22 ಮಾತ್ರ.

ಈ ಹಣಕಾಸು ನಿಂತಿರುವುದು ಭೂಮಿಯ ಬೆಲೆ ಏರಿಯೇ ಏರುತ್ತದೆ ಎಂಬ ನಂಬಿಕೆಯ ಮೇಲೆ. ಮಗರಪಟ್ಟಾದಲ್ಲಿ ಅದಕ್ಕೆ ನೆಂಟಸ್ತಿಕೆಯ ಬಲವೂ ಇತ್ತು: ಹೆಚ್ಚಿನವರು ಒಂದೇ ಮನೆತನದವರು, ಒಬ್ಬರ ಸಹಿ ಕಂಡು ಇನ್ನೊಬ್ಬರು ಹಾಕಿದರು. ಷೇರು ಹುಟ್ಟುವುದು ಸಾತ್-ಬಾರಾದಲ್ಲಿ, ಅಂದರೆ ನಮ್ಮ ಪಹಣಿಯಂಥ ದಾಖಲೆಯಲ್ಲಿ, ಹೆಸರಿದ್ದವರಿಗೆ ಮಾತ್ರ. ಅದೇ ಹೊಲದಲ್ಲಿ ಕೂಲಿಗೆ ಬರುತ್ತಿದ್ದವರ ಪಾಲನ್ನು ಲೆಕ್ಕಕ್ಕೆ ಸೇರಿಸುವ ಸೂತ್ರ ಫ್ರಾಂಕ್‌ಫರ್ಟ್‌ನ ಕಾನೂನಿನಲ್ಲೂ ಇರಲಿಲ್ಲ, ಹಡಪ್ಸರದ ಕಂಪನಿಯಲ್ಲೂ ಇರಲಿಲ್ಲ. ಮುಂದಿನ ಶೋಧ ಆಗಬೇಕಾದದ್ದು ಅದೇ.