ಪಾಡ್‌ಕಾಸ್ಟ್ ಪಠ್ಯ: ಲಾಗ್‌ಬುಕ್ ಹೇಳದ ಬಿರುಕು

ಇವತ್ತಿನ ಸಂಚಿಕೆಯಲ್ಲಿ ನಾನು ಮಾತಾಡೋದು ವಿಮಾನಗಳ ಬಗ್ಗೆ. ಆದರೆ ಶುರು ಮಾಡೋದು ಲಾರಿಯಿಂದ.

ನೀವು ಸೆಕೆಂಡ್ ಹ್ಯಾಂಡ್ ಲಾರಿ ಕೊಳ್ಳೋಕೆ ಹೋಗಿದ್ದೀರಿ ಅಂದ್ಕೊಳ್ಳಿ. ಎರಡು ಲಾರಿ ನಿಂತಿವೆ. ಒಂದೇ ಮಾಡೆಲ್, ಒಂದೇ ವರ್ಷದ್ದು. ಎರಡರ ಮೀಟರ್‌ನಲ್ಲೂ ಮೂರು ಲಕ್ಷ ಕಿಲೋಮೀಟರ್. ಎರಡಕ್ಕೂ ಎಫ್‌ಸಿ ಆಗಿದೆ, ಕಾಗದಪತ್ರ ಪಕ್ಕಾ. ಒಂದು ಬೆಂಗಳೂರು–ಹುಬ್ಬಳ್ಳಿ ಹೈವೇಲಿ ಪಾರ್ಸೆಲ್ ಹೊತ್ತು ಓಡಿದ್ದು. ಇನ್ನೊಂದು ಕಲ್ಲು ಕ್ವಾರಿಯಲ್ಲಿ ಜಲ್ಲಿ ಹೊತ್ತು ಹಳ್ಳ–ದಿಣ್ಣೆ ಹತ್ತಿಳಿದಿದ್ದು. ಲಾರಿ ವಿಷಯ ಗೊತ್ತಿರೋರು ಯಾರೇ ಆದರೂ ಮೀಟರ್ ಬಿಟ್ಟು ಮೊದಲು ಚಾಸಿ ಕೆಳಗೆ ಬಗ್ಗಿ ನೋಡ್ತಾರೆ. ಯಾಕಂದ್ರೆ ಗಾಡಿ ಎಷ್ಟು ಓಡಿದೆ ಅನ್ನೋದನ್ನ ಮೀಟರ್ ಹೇಳುತ್ತೆ, ಹೇಗೆ ಓಡಿದೆ ಅನ್ನೋದನ್ನ ಹೇಳಲ್ಲ.

ಅಮೆರಿಕದಲ್ಲಿ ಕಾಡ್ಗಿಚ್ಚು ಆರಿಸುವ ವಿಮಾನಗಳ ವಿಷಯದಲ್ಲಿ ಈ ಸರಳ ಮಾತು ವ್ಯವಸ್ಥೆಯ ತಲೆಗೆ ಹೋಗುವಷ್ಟರಲ್ಲಿ ಮೂರು ವಿಮಾನಗಳ ರೆಕ್ಕೆ ಆಕಾಶದಲ್ಲೇ ಮುರಿದು, ಎಂಟು ಜನ ಸತ್ತಿದ್ದರು.

ಏನಿದು ಏರ್‌ಟ್ಯಾಂಕರ್?

2019ರ ಫೆಬ್ರವರಿಯಲ್ಲಿ ಬಂಡೀಪುರಕ್ಕೆ ಬೆಂಕಿ ಬಿದ್ದಾಗ ವಾಯುಪಡೆಯ ಎಂಐ-17 ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ನೇತುಹಾಕಿಕೊಂಡು ನೀರು ಸುರಿದಿದ್ದನ್ನ ನೀವು ಟಿವಿಯಲ್ಲಿ ನೋಡಿರಬಹುದು. ಏರ್‌ಟ್ಯಾಂಕರ್ ಅಂದ್ರೆ ಅದೇ ಕೆಲಸಕ್ಕೆ ಬಳಸುವ ರೆಕ್ಕೆಯ ವಿಮಾನ. ಹೊಟ್ಟೆಯಲ್ಲಿ ಟ್ಯಾಂಕ್ ಇರುತ್ತೆ. ಅದರಲ್ಲಿ ತುಂಬೋದು ಹೆಚ್ಚಾಗಿ ರಿಟಾರ್ಡೆಂಟ್, ಅಂದರೆ ಬೆಂಕಿ ಹರಡುವುದನ್ನು ತಡೆಯುವ ಕೆಂಪು ಬಣ್ಣದ ದ್ರಾವಣ. ದೊಡ್ಡ ವಿಮಾನಗಳು ಒಂದು ಸಲಕ್ಕೆ 11,000 ಲೀಟರ್‌ನಷ್ಟು ಹೊರುತ್ತವೆ.

ಅಮೆರಿಕದ ಅರಣ್ಯ ಸೇವೆ, ಅಂದರೆ ಯುಎಸ್ ಫಾರೆಸ್ಟ್ ಸರ್ವಿಸ್, ಈ ವಿಮಾನಗಳನ್ನು ಖಾಸಗಿ ಕಂಪನಿಗಳಿಂದ ಗುತ್ತಿಗೆಗೆ ಪಡೆಯುತ್ತದೆ. ಹೊಸ ವಿಮಾನವನ್ನು ಈ ಕೆಲಸಕ್ಕೆ ಅಂತಲೇ ಕಟ್ಟಿಸೋದು ದುಬಾರಿ. ಹಾಗಾಗಿ ದಶಕಗಳ ಕಾಲ ಕಂಪನಿಗಳು ಮೊರೆ ಹೋಗಿದ್ದು ಸೇನೆ ಬಳಸಿ ಬಿಟ್ಟ ವಿಮಾನಗಳಿಗೆ. ಎರಡನೇ ಮಹಾಯುದ್ಧದ ಕಾಲದವು, 1950ರ ದಶಕದವು. ಸೇನೆ ಕೈಬಿಟ್ಟ ಮೇಲೆ ಅವುಗಳಿಗೆ ಎರಡನೇ ಬದುಕು ಶುರುವಾಗಿತ್ತು.

2002ರ ಬೇಸಿಗೆ

2002ರ ಜೂನ್ 17. ಕ್ಯಾಲಿಫೋರ್ನಿಯಾದ ವಾಕರ್ ಎಂಬ ಊರಿನ ಹತ್ತಿರ ಬೆಂಕಿ. ಟ್ಯಾಂಕರ್ 130 ಎಂಬ ಸಿ-130ಎ ವಿಮಾನ ತಗ್ಗಿನಲ್ಲಿ ಹಾರಿ ಬಂದು ರಿಟಾರ್ಡೆಂಟ್ ಸುರಿಯಿತು. ಸುರಿದು ಮೂತಿ ಮೇಲೆತ್ತುವಾಗ ಎರಡೂ ರೆಕ್ಕೆಗಳು ಮಡಚಿಕೊಂಡು ಕಳಚಿಬಿದ್ದವು. ಒಳಗಿದ್ದ ಮೂವರೂ ಸತ್ತರು. ಇಡೀ ಘಟನೆ ವಿಡಿಯೋದಲ್ಲಿ ಸೆರೆಯಾಯಿತು. ಆ ವಿಮಾನ ತಯಾರಾಗಿದ್ದು 1957ರಲ್ಲಿ.

ಸುಮಾರು ಒಂದು ತಿಂಗಳ ನಂತರ, ಜುಲೈ 18ರಂದು, ಕೊಲೊರಾಡೊದ ಎಸ್ಟೆಸ್ ಪಾರ್ಕ್ ಬಳಿ ಟ್ಯಾಂಕರ್ 123ರ ಎಡ ರೆಕ್ಕೆ ಕಿತ್ತುಬಂತು. ಇಬ್ಬರು ಸತ್ತರು. ಅದು ಪಿಬಿ4ವೈ ಪ್ರೈವೆಟೀರ್, ಎರಡನೇ ಮಹಾಯುದ್ಧದ ಸಮಯದಲ್ಲಿ ಅಮೆರಿಕದ ನೌಕಾಪಡೆಗೆ ಕಟ್ಟಿದ್ದ ವಿಮಾನ.

ಅಲ್ಲಿನ ಅಪಘಾತ ತನಿಖಾ ಮಂಡಳಿ ಎನ್‌ಟಿಎಸ್‌ಬಿ ಅವಶೇಷಗಳನ್ನು ಪರೀಕ್ಷಿಸಿದಾಗ ಎರಡರಲ್ಲೂ ಸಿಕ್ಕಿದ್ದು ಒಂದೇ: ಲೋಹದ ದಣಿವಿನ ಬಿರುಕು. ಇಂಗ್ಲಿಷಿನಲ್ಲಿ ಮೆಟಲ್ ಫಟೀಗ್ ಅಂತಾರಲ್ಲ, ಅದು. ಬೈಂಡಿಂಗ್ ವೈರನ್ನ ಒಂದು ಸಲ ಬಗ್ಗಿಸಿದ್ರೆ ಮುರಿಯಲ್ಲ. ಅದೇ ಜಾಗದಲ್ಲಿ ಹತ್ತಾರು ಸಲ ಆ ಕಡೆ ಈ ಕಡೆ ಆಡಿಸಿದ್ರೆ ಕಟ್ ಅಂತ ಮುರಿಯುತ್ತೆ. ರೆಕ್ಕೆಯೂ ಹಾಗೇ. ಪ್ರತಿ ಹಾರಾಟದಲ್ಲೂ ಅದು ಸ್ವಲ್ಪ ಮೇಲೆ ಬಾಗುತ್ತೆ, ಇಳಿಯುತ್ತೆ. ರಿವೆಟ್ ಹೊಡೆದ ತೂತಿನ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಹುಟ್ಟುತ್ತೆ, ಬೆಳೀತಾ ಹೋಗುತ್ತೆ.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ಟ್ಯಾಂಕರ್ 130ರಲ್ಲಿ ಬಿರುಕು ಇದ್ದದ್ದು ರೆಕ್ಕೆಯ ಮಧ್ಯಭಾಗದ ಕೆಳಹೊದಿಕೆಯಲ್ಲಿ. ಬೇರೆ ಬೇರೆ ರಿವೆಟ್ ತೂತುಗಳಿಂದ ಶುರುವಾದ ಬಿರುಕುಗಳು ಕೂಡಿಕೊಂಡು ಸುಮಾರು 12 ಇಂಚು ಉದ್ದ ಆಗಿತ್ತು. ಆದರೆ ಆ ಜಾಗದ ಮೇಲೆ ತಯಾರಕರೇ ಬಲ ಕೊಡೋಕೆ ಇನ್ನೊಂದು ಲೋಹದ ಪಟ್ಟಿ ಕೂರಿಸಿದ್ದರು. ಹೊರಗಿನಿಂದ ಕಣ್ಣಲ್ಲಿ ನೋಡಿದ್ರೆ ಬಿರುಕು ಕಾಣೋ ಹಾಗೇ ಇರಲಿಲ್ಲ. ಟ್ಯಾಂಕರ್ 123ರಲ್ಲಿ ಬಿರುಕಿನ ಜಾಗವನ್ನು ಮರೆಮಾಡಿದ್ದು ರಿಟಾರ್ಡೆಂಟ್ ಟ್ಯಾಂಕ್.

ಅಂದ್ರೆ ಮೆಕ್ಯಾನಿಕ್ ಪಟ್ಟಿಯಲ್ಲಿ ಬರೆದ ಹಾಗೆ ನೋಡಿ, ಟಿಕ್ ಹಾಕಿ, ಸಹಿ ಮಾಡಿದ್ರೂ ಬಿರುಕು ಸಿಗ್ತಿರಲಿಲ್ಲ. ಎಲ್ಲಿ ನೋಡಬೇಕು, ಯಾವುದರಿಂದ ನೋಡಬೇಕು ಅಂತ ಹೇಳಬೇಕಾದ ಆ ಪಟ್ಟಿಯೇ ಸಾಲದಾಗಿತ್ತು.

ದಾಖಲೆಯಲ್ಲಿ ಏನಿರುತ್ತೆ?

ವಿಮಾನಕ್ಕೆ ಜಾತಕ ಇದ್ದ ಹಾಗೆ ಅದರ ದಾಖಲೆ. ಒಟ್ಟು ಎಷ್ಟು ಗಂಟೆ ಹಾರಿದೆ, ಎಷ್ಟು ಸಲ ಏರಿ ಇಳಿದಿದೆ, ಯಾವ ಭಾಗ ಯಾವಾಗ ಬದಲಾಯಿಸಿದ್ದು, ಎಲ್ಲಿ ರಿಪೇರಿ ಆಗಿದೆ, ಸರ್ಕಾರ ಹೊರಡಿಸಿದ ಸುರಕ್ಷತಾ ಆದೇಶಗಳನ್ನು ಪಾಲಿಸಲಾಗಿದೆಯೇ, ಪ್ರತಿ ಕೆಲಸಕ್ಕೂ ಯಾರು ಸಹಿ ಹಾಕಿದರು, ಇಷ್ಟೂ ಅದರಲ್ಲಿ ಇರಬೇಕು. ಇದರ ಆಧಾರದ ಮೇಲೇ ವಿಮಾನ ಹಾರಾಟಯೋಗ್ಯ ಹೌದೋ ಅಲ್ಲವೋ ಅಂತ ತೀರ್ಮಾನ ಆಗೋದು.

ಆದರೆ ಯಾವುದನ್ನು ಎಣಿಸ್ತೀವಿ ಅನ್ನೋದರ ಮೇಲೆ ಉತ್ತರವೇ ಬದಲಾಗುತ್ತೆ. ಇದಕ್ಕೆ ಪ್ರಯಾಣಿಕ ವಿಮಾನದ ಒಂದು ಪ್ರಸಿದ್ಧ ಉದಾಹರಣೆ ಇದೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹ ಏರ್‌ಲೈನ್ಸ್‌ನ ಬೋಯಿಂಗ್ 737 ಹಾರುತ್ತಿದ್ದಾಗಲೇ ಅದರ ಛಾವಣಿಯ ದೊಡ್ಡ ಭಾಗ ಹಾರಿಹೋಯಿತು. ಒಬ್ಬ ಗಗನಸಖಿ ಸತ್ತರು. ಆ ವಿಮಾನ ಹಾರಿದ್ದು 35,496 ಗಂಟೆ. ವಿನ್ಯಾಸದ ಗುರಿ ಇದ್ದದ್ದು 51,000 ಗಂಟೆ. ಗಂಟೆ ಲೆಕ್ಕದಲ್ಲಿ ಅದಕ್ಕಿನ್ನೂ ಆಯಸ್ಸು ಬೇಕಾದಷ್ಟಿತ್ತು. ಆದರೆ ದ್ವೀಪದಿಂದ ದ್ವೀಪಕ್ಕೆ ಚಿಕ್ಕ ಚಿಕ್ಕ ಹಾರಾಟ ಮಾಡ್ತಿದ್ದ ಅದು 89,680 ಸಲ ಏರಿ ಇಳಿದಿತ್ತು. ಅದರ ಗುರಿ 75,000. ಒಂದೇ ವಿಮಾನ, ಒಂದು ಲೆಕ್ಕದಲ್ಲಿ ಹರೆಯ, ಇನ್ನೊಂದು ಲೆಕ್ಕದಲ್ಲಿ ಮುಪ್ಪು.

ಆ ಘಟನೆ ನಂತರ ಅಮೆರಿಕ ಹಳೆಯ ಪ್ರಯಾಣಿಕ ವಿಮಾನಗಳಿಗೆ ಕಟ್ಟುನಿಟ್ಟಿನ ಕಾನೂನು ತಂದಿತು. ಸೇನೆಯಿಂದ ಬಂದು ಬೆಂಕಿ ಆರಿಸುತ್ತಿದ್ದ ವಿಮಾನಗಳು ಆ ಚೌಕಟ್ಟಿನ ಹೊರಗೇ ಉಳಿದವು.

ಏರ್‌ಟ್ಯಾಂಕರ್‌ಗಳಿಗೆ ಗಂಟೆ ಲೆಕ್ಕವೂ ಸಾಲದು, ಏರಿಳಿತದ ಲೆಕ್ಕವೂ ಸಾಲದು. ಕೆಲಸ ಹೇಗಿರುತ್ತೆ ಯೋಚನೆ ಮಾಡಿ. ಬೆಟ್ಟದ ಕಣಿವೆಯಲ್ಲಿ ಇಳಿಯಬೇಕು. ಕೆಳಗೆ ಬೆಂಕಿ, ಬಿಸಿಗಾಳಿ ಮೇಲಕ್ಕೆ ನುಗ್ಗುತ್ತಿರುತ್ತೆ, ವಿಮಾನ ಕುಲುಕಾಡುತ್ತೆ. ಹತ್ತಾರು ಟನ್ ಭಾರ ಕೆಲವೇ ಸೆಕೆಂಡಿನಲ್ಲಿ ಹೊಟ್ಟೆಯಿಂದ ಖಾಲಿಯಾಗುತ್ತೆ. ತಕ್ಷಣ ಮೂತಿ ಎತ್ತಿ ಬೆಟ್ಟ ದಾಟಬೇಕು. ಆ ಕ್ಷಣದಲ್ಲಿ ರೆಕ್ಕೆಯ ಮೇಲೆ ಬೀಳುವ ಭಾರ ವಿಮಾನದ ತೂಕದ ಎರಡು ಪಟ್ಟು, ಅದಕ್ಕಿಂತಲೂ ಹೆಚ್ಚು ಆಗಬಹುದು. ಡಿಸಿ-6ಬಿ ಏರ್‌ಟ್ಯಾಂಕರ್ ಮೇಲೆ 1970ರ ದಶಕದಲ್ಲೇ ನಾಸಾ ಅಳತೆ ಮಾಡಿತ್ತು. ಇಷ್ಟು ದೊಡ್ಡ ಹೊರೆ ಪ್ರಯಾಣಿಕ ಸೇವೆಯ ವಿಮಾನಕ್ಕಿಂತ ಸುಮಾರು ಸಾವಿರ ಪಟ್ಟು ಹೆಚ್ಚು ಸಲ ಬೀಳುತ್ತೆ ಅಂತ ಅದರಲ್ಲಿ ಕಂಡಿತ್ತು. ಆದರೂ ಈ ವಿಮಾನಗಳ ತಪಾಸಣೆ ನಡೀತಿದ್ದದ್ದು ಮೂಲತಃ ಸೇನೆಯ ಸಾಗಣೆ, ಗಸ್ತು ಕೆಲಸಕ್ಕೆ ಅಂತ ಬರೆದ ಕ್ರಮದ ಆಧಾರದಲ್ಲಿ. ಹೈವೇ ಲಾರಿಯ ಸರ್ವಿಸ್ ಪುಸ್ತಕ ಇಟ್ಕೊಂಡು ಕ್ವಾರಿ ಟಿಪ್ಪರ್ ನೋಡಿಕೊಂಡ ಹಾಗೆ.

ಕೇಳೋಣ ಅಂದ್ರೆ ಉತ್ತರ ಕೊಡೋರೂ ಇರಲಿಲ್ಲ. ಕೆಲವು ವಿಮಾನಗಳ ತಯಾರಕ ಕಂಪನಿಯೇ ಉಳಿದಿರಲಿಲ್ಲ. ಇನ್ನು ಕೆಲವನ್ನು ಸೇನೆ ಬಳಸೋದು ಬಿಟ್ಟು ಕಾಲವಾಗಿತ್ತು. ಎಲ್ಲೋ ಒಂದು ವಿಮಾನದಲ್ಲಿ ಹೊಸ ಬಿರುಕು ಸಿಕ್ಕರೆ ಉಳಿದವರಿಗೆಲ್ಲ ಎಚ್ಚರಿಕೆ ಕಳಿಸುವ ಎಂಜಿನಿಯರಿಂಗ್ ಬೆಂಬಲ ಇರಲಿಲ್ಲ.

ಎಂಟು ವರ್ಷ ತಡವಾಗಿ ಸಿಕ್ಕ ಉತ್ತರ

ಎಂಟು ಸಾವು ಅಂದೆ, 2002ರದ್ದು ಐದು. ಉಳಿದ ಮೂರು 1994ರವು. ಆ ವರ್ಷದ ಆಗಸ್ಟ್ 13ರಂದು ಕ್ಯಾಲಿಫೋರ್ನಿಯಾದ ಪೇರ್‌ಬ್ಲಾಸಮ್ ಬಳಿ ಇನ್ನೊಂದು ಸಿ-130ಎ ಏರ್‌ಟ್ಯಾಂಕರ್ ಬಿದ್ದಿತ್ತು. ಆಗಿನ ತನಿಖೆಯಲ್ಲಿ ಲೋಹದ ದಣಿವು ಕಾರಣ ಅಂತ ಬಂದಿರಲಿಲ್ಲ. 2002ರ ಅಪಘಾತಗಳಾದ ಮೇಲೆ ಆ ಹಳೇ ಅವಶೇಷಗಳನ್ನು ಮತ್ತೆ ಪರೀಕ್ಷಿಸಿದಾಗ ಅದರ ರೆಕ್ಕೆಯಲ್ಲೂ ದಣಿವಿನ ಬಿರುಕು ಸಿಕ್ಕಿತು. ಇದನ್ನ ಓದಿದಾಗ ನನಗೆ ತುಂಬಾ ಹೊತ್ತು ಮನಸ್ಸಿಗೆ ಸಮಾಧಾನ ಇರಲಿಲ್ಲ. 1994ರಲ್ಲೇ ಈ ಉತ್ತರ ಸಿಕ್ಕಿದ್ದರೆ ಅದೇ ಮಾದರಿಯ ವಿಮಾನಗಳಲ್ಲಿ ಅದೇ ಜಾಗವನ್ನು ಹುಡುಕಿ ನೋಡೋಕೆ ಎಂಟು ವರ್ಷ ಸಮಯ ಇರ್ತಿತ್ತು.

ಸಹಿ ಯಾರದ್ದು, ಹೊಣೆ ಯಾರದ್ದು?

ಇಲ್ಲಿ ಇನ್ನೊಂದು ತೊಡಕು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಈ ವಿಮಾನಗಳಿಗೆ ಪ್ರಮಾಣಪತ್ರ ಕೊಡ್ತಿತ್ತು. ಆದರೆ ಸರ್ಕಾರದ ಪರವಾಗಿ ಬೆಂಕಿ ಆರಿಸಲು ಹಾರುವಾಗ ಅವು 'ಸರ್ಕಾರಿ ವಿಮಾನ'ದ ಲೆಕ್ಕಕ್ಕೆ ಬರುತ್ತವೆ. ಆ ಹೊತ್ತಿನಲ್ಲಿ ಎಫ್‌ಎಎ ಮೇಲ್ವಿಚಾರಣೆ ಅನ್ವಯ ಆಗಲ್ಲ. ಅರಣ್ಯ ಸೇವೆ ಎಫ್‌ಎಎ ಪ್ರಮಾಣಪತ್ರವನ್ನು ನಂಬಿಕೊಂಡಿತ್ತು. ಆ ಪ್ರಮಾಣಪತ್ರ ಕೊಡುವಾಗ ಬೆಂಕಿ ಕೆಲಸದ ಹೊಡೆತ ಲೆಕ್ಕಕ್ಕೇ ಬರ್ತಿರಲಿಲ್ಲ. ಇಬ್ಬರ ನಡುವೆ ಒಂದು ಖಾಲಿ ಜಾಗ, ವಿಮಾನಗಳು ಹಾರ್ತಿದ್ದದ್ದು ಅಲ್ಲೇ.

2004ರ ಏಪ್ರಿಲ್‌ನಲ್ಲಿ ಎನ್‌ಟಿಎಸ್‌ಬಿ ಇದಕ್ಕೆ ಖಚಿತ ಉತ್ತರ ಕೊಟ್ಟಿತು: ಈ ವಿಮಾನಗಳ ಸುರಕ್ಷತೆಯ ಹೊಣೆ ಅವುಗಳನ್ನು ಬಳಸುವ ಅರಣ್ಯ ಸೇವೆ ಮತ್ತು ಆಂತರಿಕ ಇಲಾಖೆಯದ್ದು. ತಪಾಸಣಾ ಕ್ರಮ ರೂಪಿಸುವಾಗ ಬೆಂಕಿ ಕೆಲಸದ ಹೊರೆ, ಗಾಳಿಯ ಕುಲುಕಾಟ, ಉಳಿದಿರುವ ಆಯಸ್ಸು ಇವನ್ನೆಲ್ಲ ಪರಿಗಣಿಸಬೇಕು ಎಂದೂ ಹೇಳಿತು.

ಮರು ತಿಂಗಳೇ, ಅಂದರೆ 2004ರ ಮೇನಲ್ಲಿ, ಬೆಂಕಿ ಋತು ಎದುರಿಗಿರುವಾಗಲೇ 33 ದೊಡ್ಡ ಏರ್‌ಟ್ಯಾಂಕರ್‌ಗಳ ಗುತ್ತಿಗೆ ರದ್ದಾಯಿತು. ಕಾಡಿನಂಚಿನ ಊರುಗಳ ಜನ ಕೇಳಿದ ಪ್ರಶ್ನೆಯಲ್ಲೂ ಅರ್ಥ ಇತ್ತು: ಮನೆ ಕಡೆ ಬೆಂಕಿ ಬರುವಾಗ ವಿಮಾನ ಇಲ್ಲ ಅಂದ್ರೆ ಹೇಗೆ? ಆದರೆ ಯಾವ ವಿಮಾನದ ರೆಕ್ಕೆ ಗಟ್ಟಿ ಇದೆ, ಯಾವುದರದ್ದು ಇಲ್ಲ ಅಂತ ಹೇಳೋಕೆ ಯಾರ ಹತ್ತಿರವೂ ಆಧಾರ ಇಲ್ಲದಿದ್ದಾಗ ಪೈಲಟ್‌ಗಳನ್ನ ಕಳಿಸೋದಾದರೂ ಹೇಗೆ?

ದಾಖಲೆ ಬದಲಾದ ಮೇಲೆ

ಮತ್ತೆ ಹಾರಬೇಕಾದರೆ ಕಂಪನಿಗಳು ದಾಖಲೆ ಮುಂದಿಟ್ಟು ಸಾಬೀತು ಮಾಡಬೇಕಾಯಿತು. ಪರಿಶೀಲನೆ ಮುಗಿದ ಮೇಲೆ ಅದೇ ವರ್ಷ ಕೆಲವು ಪಿ-3 ಒರಾಯನ್ ವಿಮಾನಗಳು ವಾಪಸ್ ಬಂದವು. ರೆಕ್ಕೆಯ ಮೇಲೆ ನಿಜವಾಗಿ ಎಷ್ಟು ಹೊರೆ ಬೀಳುತ್ತಿದೆ ಅಂತ ಹಾರಾಟದಲ್ಲೇ ಅಳೆಯುವ ಉಪಕರಣಗಳನ್ನು ವಿಮಾನಗಳಿಗೆ ಅಳವಡಿಸಲಾಯಿತು. ಅಂದರೆ ಮೀಟರ್ ಈಗ 'ಹೇಗೆ ಓಡಿದೆ' ಅನ್ನೋದನ್ನೂ ಬರೆದುಕೊಳ್ಳೋಕೆ ಶುರು ಮಾಡಿತು.

ಇದರ ಫಲ ಮುಂದೆ ಕಂಡಿತು. 2011ರಲ್ಲಿ ರಚನೆಯ ತಪಾಸಣೆ ಒಪ್ಪಂದದ ಪ್ರಕಾರ ಆಗಿಲ್ಲ ಅನ್ನೋ ಕಾರಣಕ್ಕೆ ಅದೇ ಪಿ-3 ವಿಮಾನಗಳ ಗುತ್ತಿಗೆ ರದ್ದಾಯಿತು. ರೆಕ್ಕೆ ಮುರಿದಿರಲಿಲ್ಲ, ತಪಾಸಣೆ ಅಪೂರ್ಣ ಇತ್ತು, ಅಷ್ಟೇ ಸಾಕಾಯಿತು. 2012ರ ಆರಂಭದಲ್ಲಿ ಪಿ2ವಿ ನೆಪ್ಚೂನ್ ಏರ್‌ಟ್ಯಾಂಕರ್ ಒಂದರ ರೆಕ್ಕೆಯಲ್ಲಿ ಸುಮಾರು 24 ಇಂಚಿನ ಬಿರುಕು ಸಿಕ್ಕಿತು. ಸಿಕ್ಕಿದ್ದು ನೆಲದ ಮೇಲೆ, ತಪಾಸಣೆಯಲ್ಲಿ. ಟ್ಯಾಂಕರ್ 130ರದ್ದಕ್ಕಿಂತ ಎರಡು ಪಟ್ಟು ಉದ್ದದ ಬಿರುಕು, ಆದರೆ ಯಾರೂ ಸಾಯಲಿಲ್ಲ. ತಕ್ಷಣ ಅದೇ ಮಾದರಿಯ ಉಳಿದ ವಿಮಾನಗಳನ್ನೂ ನೋಡಬೇಕು ಅಂತ ಎಫ್‌ಎಎ ತುರ್ತು ಆದೇಶ ಹೊರಡಿಸಿತು. 1994ರಲ್ಲಿ ಆಗದೇ ಹೋದದ್ದು ಇದೇ.

ಬೆಲೆಯೂ ಕಡಿಮೆ ಇರಲಿಲ್ಲ. 2002ರಲ್ಲಿ 44 ಇದ್ದ ದೊಡ್ಡ ಏರ್‌ಟ್ಯಾಂಕರ್‌ಗಳು ಹತ್ತು ವರ್ಷದಲ್ಲಿ 11ರ ಆಸುಪಾಸಿಗೆ ಇಳಿದವು. ನೆಪ್ಚೂನ್‌ಗಳು 2017ರಲ್ಲಿ ಕೊನೆಯ ಸಲ ಕೆಲಸ ಮಾಡಿದವು. ಈಗ ಬಿಎಇ-146, ಆರ್‌ಜೆ85, ಎಂಡಿ-87 ತರಹದ ಜೆಟ್‌ಗಳು ಆ ಜಾಗಕ್ಕೆ ಬಂದಿವೆ. ಇವೂ ಹೊಸವೇನಲ್ಲ, ಪ್ರಯಾಣಿಕರನ್ನು ಹೊತ್ತು ಬಂದವು. ಇವಕ್ಕೂ ಇದು ಎರಡನೇ ಬದುಕೇ. ಹಾಗಾಗಿ ಹಳೇ ಪ್ರಶ್ನೆಯನ್ನ ಇವುಗಳ ಮುಂದೆಯೂ ಇಡ್ತಾನೇ ಇರಬೇಕು.

ವಿಮಾನ ಹಳೆಯದು ಅನ್ನೋದೊಂದೇ ತಪ್ಪಲ್ಲ. ಚೆನ್ನಾಗಿ ನೋಡಿಕೊಂಡ ಹಳೇ ವಿಮಾನ ಸುರಕ್ಷಿತವಾಗಿ ಹಾರಬಲ್ಲದು. ಆದರೆ ಅದರ ದಾಖಲೆ ಅದು ಈಗ ಮಾಡ್ತಿರೋ ಕೆಲಸದ್ದಾಗಿರಬೇಕು. ಸೇತುವೆ, ಅಣೆಕಟ್ಟಿನ ಗೇಟು, ಸ್ಕೂಲ್ ಬಸ್ಸು, ಯಾವುದರ ಬಗ್ಗೆಯೇ ಆಗಲಿ 'ತಪಾಸಣೆ ಆಗಿದೆ, ಸರ್ಟಿಫಿಕೇಟ್ ಇದೆ' ಅಂತ ಯಾರಾದರೂ ಹೇಳಿದಾಗ ಒಂದು ಪ್ರಶ್ನೆ ಕೇಳಿ: ಎಲ್ಲಿ ನೋಡಿದ್ರಿ, ಯಾವುದರಿಂದ ನೋಡಿದ್ರಿ, ಏನನ್ನು ಎಣಿಸಿದ್ರಿ?