ಹೊರಟಿದ್ದು ಯಾವ ರೈಲು?

ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲು ನಿಂತಿದೆ. ಪಕ್ಕದ ಹಳಿಯ ರೈಲು ಮೆಲ್ಲಗೆ ಹಿಂದೆ ಸರಿಯತೊಡಗುತ್ತದೆ. ಅಂತೂ ನಮ್ಮ ರೈಲು ಹೊರಟಿತು ಎಂದು ಈಚೆ ಕಿಟಕಿಗೆ ತಿರುಗಿದರೆ ಪ್ಲಾಟ್‌ಫಾರ್ಮಿನ ಕಂಬ ಇದ್ದಲ್ಲೇ ಇದೆ! ಹೊರಟಿದ್ದು ನಮ್ಮದಲ್ಲ.

ಕ್ರಿ.ಶ. 499ರ ‘ಆರ್ಯಭಟೀಯ’ದಲ್ಲಿ ಇದೇ ಮಾತು ದೋಣಿಯ ಹೋಲಿಕೆಯಲ್ಲಿದೆ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ವಸ್ತುಗಳು ಹಿಂದೆ ಓಡಿದಂತೆ ಕಾಣುತ್ತವೆ. ನಕ್ಷತ್ರಗಳು ಪಶ್ಚಿಮಕ್ಕೆ ಸರಿದಂತೆ ಕಾಣುವುದೂ ಹಾಗೆಯೇ. ಆದರೆ ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಎಂದೂ ಆರ್ಯಭಟ ಬರೆದಿದ್ದಾನೆ ಎಂಬ ವಾಟ್ಸಾಪ್ ಸಂದೇಶಗಳನ್ನು ನಂಬಬೇಡಿ. ಅವನು ಹೇಳಿದ್ದು ಭೂಮಿಯ ದಿನದ ಗಿರಕಿಯನ್ನು ಮಾತ್ರ. ಅಷ್ಟೂ ಸಣ್ಣ ಮಾತಲ್ಲ.

ಅದನ್ನು ವರಾಹಮಿಹಿರನೇ ಒಪ್ಪಲಿಲ್ಲ. ಭೂಮಿ ತಿರುಗುವುದಾದರೆ ಆಕಾಶಕ್ಕೆ ಹಾರಿದ ಹಕ್ಕಿ ಗೂಡಿಗೆ ಮರಳುವುದು ಹೇಗೆ ಎಂಬುದು ಅವನ ಆಕ್ಷೇಪ. ಇಂದಿಗೂ ಮಕ್ಕಳು ಕೇಳುವ ಪ್ರಶ್ನೆಯಿದು, ಒಳ್ಳೆಯ ಪ್ರಶ್ನೆಯೂ ಹೌದು. ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,600 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಅಲ್ಲಿನ ಮರ, ಗಾಳಿ, ಹಕ್ಕಿಗಳೂ ಅದರ ಜೊತೆಗೇ ಇವೆ. ಓಡುವ ರೈಲಿನಲ್ಲಿ ನಾಣ್ಯ ಚಿಮ್ಮಿಸಿ ನೋಡಿ, ನಿಮ್ಮ ಅಂಗೈಗೇ ಬೀಳುತ್ತದೆ.

‘ಎಲ್ಲವೂ ಸಾಪೇಕ್ಷ ಅಂತ ಐನ್‌ಸ್ಟೈನ್ ಹೇಳಿಲ್ಲವೇ? ಯಾವುದು ತಿರುಗಿದರೂ ಒಂದೇ’ ಎನ್ನುವವರು ಓದಿದವರಲ್ಲೇ ಹೆಚ್ಚು. ಇದು ಅರ್ಧ ಸತ್ಯ. ನೇರ ಹಳಿಯಲ್ಲಿ ಒಂದೇ ವೇಗದಲ್ಲಿ ರೈಲು ಹೋಗುವಾಗ ಲೋಟದ ಕಾಫಿ ಮಟ್ಟಸವಾಗಿರುತ್ತದೆ. ಕಿಟಕಿ ಮುಚ್ಚಿದ್ದರೆ ಓಡುತ್ತಿದ್ದೇವೋ ನಿಂತಿದ್ದೇವೋ ಅದು ಹೇಳುವುದಿಲ್ಲ. ತಿರುವು ಬಂತೆನ್ನಿ, ಕಾಫಿ ಒಂದು ಪಕ್ಕಕ್ಕೆ ಏರುತ್ತದೆ. ವೇಗ ಗುಟ್ಟಾಗಿರಬಲ್ಲದು, ತಿರುವು ಆಗದು.

ಭೂಮಿಯ ಗಿರಕಿಯೂ ಹೀಗೆಯೇ ಸಿಕ್ಕಿಬಿತ್ತು. 1851ರಲ್ಲಿ ಫ್ರೆಂಚ್ ವಿಜ್ಞಾನಿ ಫೂಕೋ ಪ್ಯಾರಿಸ್ಸಿನ ಪ್ಯಾಂಥಿಯಾನ್ ಕಟ್ಟಡದೊಳಗೆ 67 ಮೀಟರ್ ತಂತಿಗೆ 28 ಕಿಲೋ ಗುಂಡು ಕಟ್ಟಿ ತೂಗಿಬಿಟ್ಟ. ಅದು ತೂಗುವ ದಿಕ್ಕು ತಾಸುತಾಸಿಗೂ ಸರಿಯುತ್ತಾ ಹೋಯಿತು. ಆಕಾಶ ನೋಡುವ ಅಗತ್ಯವೇ ಬೀಳಲಿಲ್ಲ. ಇದೇ ಲೋಲಕವನ್ನು ಬೆಂಗಳೂರಿನಲ್ಲಿ ತೂಗಿಬಿಟ್ಟರೆ ಗಂಟೆಗೆ ಮೂರು ಡಿಗ್ರಿ ಚಿಲ್ಲರೆ ಸರಿಯುತ್ತದೆ. ಒಂದು ಸುತ್ತು ಮುಗಿಸಲು ನಾಲ್ಕು ದಿನ ದಾಟುತ್ತದೆ.

ಇನ್ನು ಯಾರು ಯಾರ ಸುತ್ತ? ತೂಕವೇ ಹೇಳುತ್ತದೆ. ಸೂರ್ಯ ಭೂಮಿಗಿಂತ ಸುಮಾರು 3,33,000 ಪಟ್ಟು ಭಾರ. ಎರಡೂ ಸುತ್ತುವ ಸಮಾನ ಕೇಂದ್ರ ಸೂರ್ಯನ ನಡುವಿನಿಂದ ಬರೀ 450 ಕಿ.ಮೀ. ದೂರದಲ್ಲಿದೆ, ಸೂರ್ಯನ ತ್ರಿಜ್ಯವೋ ಸುಮಾರು 7 ಲಕ್ಷ ಕಿ.ಮೀ. ಹಾಗೆಂದು ಸೂರ್ಯ ಅಲುಗದೆ ಕೂತಿದ್ದಾನೆ ಎಂಬುದೂ ತಪ್ಪು. ಗುರುಗ್ರಹದ ಸೆಳೆತಕ್ಕೆ ಅವನು ಚೆನ್ನಾಗಿಯೇ ಓಲಾಡುತ್ತಾನೆ. ಅದರ ಮೇಲೆ, ಇಡೀ ಸಂಸಾರ ಕಟ್ಟಿಕೊಂಡು ಆಕಾಶಗಂಗೆಯ ನಡುವನ್ನು 20 ಕೋಟಿಗೂ ಹೆಚ್ಚು ವರ್ಷಕ್ಕೊಮ್ಮೆ ಸುತ್ತುತ್ತಾನೆ.

ಪಂಚಾಂಗದವರು ಭೂಮಿಯನ್ನು ನಿಲ್ಲಿಸಿಯೇ ಸೂರ್ಯೋದಯ ಬರೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಅಂಗಳದಲ್ಲಿ ನಿಂತವನಿಗೆ ಬೇಕಾದ್ದು ಆ ಲೆಕ್ಕವೇ. ಶ್ರೀಹರಿಕೋಟಾದಲ್ಲಿ ಲೆಕ್ಕ ಬೇರೆ. ಅಲ್ಲಿಂದ ಪೂರ್ವಕ್ಕೆ ಹಾರಲಿರುವ ರಾಕೆಟ್, ಎಂಜಿನ್ ಹೊತ್ತಿಕೊಳ್ಳುವ ಮೊದಲೇ, ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಹೊರಟಾಗಿರುತ್ತದೆ.