ಗೂಡಿಲ್ಲದ ಹಕ್ಕಿಗಳ ಮನೆ ಹುಡುಕಾಟ

ಬಾಡಿಗೆಯ ಮನೆಗಾಗಿ ಬೀದಿ ಬೀದಿ ಸುತ್ತಿದವರಿಗೆಲ್ಲ ಒಂದು ಸಂಗತಿ ಗೊತ್ತು. ಖಾಲಿ ಮನೆ ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ. ಬೇಸಗೆಯಲ್ಲಿ ಬಾವಿ ಬತ್ತುವುದೋ, ಮಳೆಗಾಲದಲ್ಲಿ ಸೂರು ಸೋರುವುದೋ ತಿಳಿಯಬೇಕಾದರೆ ಪಕ್ಕದ ಮನೆಯವರನ್ನೇ ವಿಚಾರಿಸಬೇಕು. ಈ ವಿವೇಕ ಮನುಷ್ಯನೊಬ್ಬನದೇ ಎಂದುಕೊಂಡಿದ್ದರೆ ಆ ಅಭಿಮಾನವನ್ನು ನಾವು ತುಸು ತಗ್ಗಿಸಿಕೊಳ್ಳಬೇಕಾಗುತ್ತದೆ.

ಉತ್ತರ ಅಟ್ಲಾಂಟಿಕ್ ಸಾಗರದ ತೀರಗಳಲ್ಲಿ ಕಿಟಿವೇಕ್ ಎಂಬ ಕಡಲಹಕ್ಕಿಯಿದೆ. ಬಿಳಿಯ ಮೈ, ಬೂದುಬಣ್ಣದ ರೆಕ್ಕೆ. ಕಡಲಿಗೆ ನೆಟ್ಟಗೆ ಇಳಿದ ಬಂಡೆಯ ಕಿರುಚಾಚಿನ ಮೇಲೆ ಕೆಸರು, ಹುಲ್ಲುಗಳನ್ನು ಮೆತ್ತಿ ಗೂಡು ಕಟ್ಟುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆಗಳನ್ನಿಡುತ್ತದೆ. ಮರಿಗಳು ಹಾರಿಹೋದ ಮೇಲೆ ಹಲವು ವರ್ಷಗಳ ಕಾಲ ಗೃಹಸ್ಥಾಶ್ರಮದ ಗೊಡವೆಗೆ ಹೋಗುವುದಿಲ್ಲ. ಆದರೆ ಆ ಆಶ್ರಮವನ್ನು ಹೊಕ್ಕುವ ಮುನ್ನ ಅವು ಬಂಡೆಗಳಿಗೆ ಬಂದು ಸುಳಿದಾಡುತ್ತವೆ. ಆ ವರ್ಷ ಮೊಟ್ಟೆಮರಿಗಳನ್ನು ಕಳೆದುಕೊಂಡ ದೊಡ್ಡ ಹಕ್ಕಿಗಳೂ ಇವುಗಳ ಜೊತೆಗೂಡುತ್ತವೆ. ತಾಯಿತಂದೆಗಳಿಲ್ಲದ ಹೊತ್ತು ನೋಡಿ ಪರರ ಗೂಡಿನ ಮೇಲೇ ಇಳಿದು ಕೂರುವುದೂ ಉಂಟು.

ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಾಪ್ ಸಿಜುನ್ ಎಂಬಲ್ಲಿ ವಿಜ್ಞಾನಿಗಳು 1979ರಿಂದ ಈ ಹಕ್ಕಿಗಳ ಕಾಲಿಗೆ ಬಣ್ಣದ ಉಂಗುರ ತೊಡಿಸಿ, ಒಂದೊಂದನ್ನೂ ಗುರುತಿಟ್ಟು ನೋಡಿದರು. ಅತಿಥಿಗಳ ಸುಳಿದಾಟ ಹೆಚ್ಚುವುದು ಋತುವಿನ ಮೊದಲಲ್ಲಲ್ಲ, ಮರಿಗಳು ಬಲಿತು ನಿಂತ ಕಾಲದಲ್ಲಿ. ಕಾರಣ ಸರಳವಾದುದು. ಮೊಟ್ಟೆಯಿಡುವ ಕಾಲದಲ್ಲಿ ಎಲ್ಲ ಗೂಡುಗಳೂ ಸಮಾನವಾಗಿ ಕಾಣುತ್ತವೆ; ಮರಿಗಳು ಹಾರಿದ ಮೇಲೆ ಎಲ್ಲವೂ ಸಮಾನವಾಗಿ ಬರಿದಾಗುತ್ತವೆ. ನಡುವಿನ ಆ ಕೆಲವೇ ದಿನಗಳಲ್ಲಿ ಮಾತ್ರ ಯಾವ ಬಂಡೆ ಮರಿಗಳನ್ನು ಉಳಿಸಿಕೊಂಡಿತು, ಯಾವುದು ಉಣ್ಣಿಗಳ ಕಾಟಕ್ಕೋ ಕಾಗೆಗಳ ದಾಳಿಗೋ ಸೋತಿತು ಎಂಬುದು ಕಣ್ಣಿಗೆ ಕಾಣುತ್ತದೆ. ಈ ವರ್ಷ ಒಳ್ಳೆಯದಾಗಿದ್ದ ಬಂಡೆ ಮುಂದಿನ ವರ್ಷವೂ ಬಹುಮಟ್ಟಿಗೆ ಒಳ್ಳೆಯದಾಗಿಯೇ ಇರುವುದರಿಂದ, ಇಂದು ಕಂಡದ್ದು ನಾಳೆಗೆ ಉಪಯೋಗಕ್ಕೆ ಬರುತ್ತದೆ.

ಇದು ಬರಿಯ ಊಹೆಯಲ್ಲವೆ ಎಂದು ಕೇಳುಗರು ಶಂಕಿಸಬಹುದು. ನಾರ್ವೆಯ ಹೋರ್ನೋಯಾ ದ್ವೀಪದಲ್ಲಿ ನಡೆದ ಒಂದು ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಅಲ್ಲಿ ಕೆಲವು ಜೋಡಿಗಳ ಸಂತಾನವನ್ನು ಬೇಕೆಂದೇ ವಿಫಲಗೊಳಿಸಲಾಗಿತ್ತು. ಎಲ್ಲವುಗಳ ದುಃಖವೂ ಒಂದೇ. ಆದರೂ ನೆರೆಯ ಗೂಡುಗಳಲ್ಲಿ ಮರಿಗಳು ಬೆಳೆಯುತ್ತಿದ್ದ ಕಡೆ ಸೋತ ಹಕ್ಕಿಗಳು ಆ ತಾಣವನ್ನು ಬಿಡದೆ, ಮರುವರ್ಷ ಹೆಚ್ಚಾಗಿ ಅಲ್ಲಿಗೇ ಮರಳಿದವು. ನೆರೆಹೊರೆಯೂ ಬರಿದಾಗಿದ್ದ ಕಡೆ ಹಾಗೆ ಮರಳಿದವು ಕಡಿಮೆ. ತನ್ನ ಸೋಲು ದುರದೃಷ್ಟದ್ದೋ ಅಥವಾ ಸ್ಥಳದ್ದೋ ಎಂಬ ಪ್ರಶ್ನೆಗೆ ಹಕ್ಕಿ ನೆರೆಯವರ ಗೂಡಿನಲ್ಲಿ ಉತ್ತರ ಹುಡುಕುತ್ತದೆ!

ಇದರಿಂದ ನಾವು ಕಲಿಯಬೇಕಾದದ್ದೂ ಇದೆ. ಮರಿ ಬೆಳೆಯುವ ದಿನಗಳಲ್ಲಿ ಒಂದು ತಾಣವನ್ನು ಕೆಡಿಸಿದರೆ ಆ ವರ್ಷದ ಮರಿಗಳಷ್ಟೇ ನಾಶವಾಗುವುದಿಲ್ಲ. ಅದನ್ನು ನೋಡಲು ಬಂದಿದ್ದ ನಾಳಿನ ಒಕ್ಕಲೂ ಬೇರೆಡೆಗೆ ಮುಖ ತಿರುಗಿಸುತ್ತದೆ. ಗೂಡುಗಳನ್ನು ಮಾತ್ರ ಎಣಿಸುವವರಿಗೆ ಈ ಎರಡನೆಯ ನಷ್ಟ ಕಾಣದು. ಗೂಡಿಲ್ಲದೆ ಅಲೆಯುವ ಹಕ್ಕಿಯನ್ನು ಕೆಲಸವಿಲ್ಲದ್ದೆಂದು ಬಗೆಯಬಾರದು. ಆ ಬಂಡೆಯ ನಾಳೆ ನಿಂತಿರುವುದು ಅದರ ಕಣ್ಣಿನಲ್ಲಿ.